ಬೋಡಿಮೆಟ್ಟಿನ ಏಲಕ್ಕಿ ಹೂವು

ಬೋಡಿನಾಯಕನೂರಿನಿಂದ ಘಟ್ಟ ಹತ್ತಿ ಬೋಡಿಮೆಟ್ಟು ಮುಟ್ಟಿದರೆ ಮರಗಳ ನೆರಳಲ್ಲಿ ಏಲಕ್ಕಿ ತೋಟಗಳು. ಜೀವವಿಕಾಸದ ಪಾಠಕ್ಕೆ ಈ ಗಿಡವೇ ಸಾಕು. ಇದರ ಬಿಳಿ ಹೂವನ್ನು ಹತ್ತಿರದಿಂದ ನೋಡಿ: ಅಗಲವಾದ ತುಟಿಯ ಮೇಲಿನ ನೇರಳೆ ಗೆರೆಗಳು ಜೇನ್ನೊಣಕ್ಕೆ ಮಕರಂದದ ದಾರಿ ತೋರುತ್ತವೆ. ಹೂವಿನ ಆಯುಸ್ಸು ಒಂದೇ ದಿನ. ಅಷ್ಟರೊಳಗೆ ತುಡುವೆಯೋ ಹೆಜ್ಜೇನೋ ಬಾರದಿದ್ದರೆ ಕಾಯಿ ಕಟ್ಟುವುದು ಅಪರೂಪ. ಜೇನನ್ನು ಚೆನ್ನಾಗಿ ಸೆಳೆದ ಗಿಡ ಹೆಚ್ಚು ಬೀಜ ಬಿಟ್ಟಿತು, ಆ ಗುಣ ಮುಂದಿನ ಪೀಳಿಗೆಗೆ ಇಳಿಯಿತು. ಯಾರೂ ಯೋಜಿಸದೆ ಮೂಡಿದ ಈ ಕುಸುರಿ ನಿಸರ್ಗದ ಆಯ್ಕೆಯ ಫಲ.

ಏಲಕ್ಕಿಯಲ್ಲಿ ಹೂಗೊಂಚಲು ನೆಲಕ್ಕೆ ಒರಗುವ ಮಲಬಾರ್, ನೆಟ್ಟಗೆ ನಿಲ್ಲುವ ಮೈಸೂರು, ಇವೆರಡರ ನಡುವಿನ ವಳುಕ್ಕ ಎಂಬ ಬಗೆಗಳಿವೆ. ರೈತರು ಹೆಚ್ಚು ಕಾಯಿ ಬಿಡುವ ಗಿಡದ ಕಂದುಗಳನ್ನೇ ಆರಿಸಿ ನೆಟ್ಟರು. ಇದು ಮನುಷ್ಯನ ಕೆಲಸ, ನಿಸರ್ಗದ್ದಲ್ಲ ಎನ್ನಬಹುದು. ಆದರೆ ಮನುಷ್ಯ ಆರಿಸಿದನೇ ಹೊರತು ಆ ವೈವಿಧ್ಯವನ್ನು ಸೃಷ್ಟಿಸಲಿಲ್ಲ. 1859ರಲ್ಲಿ ಡಾರ್ವಿನ್ ಜೀವವಿಕಾಸದ ಕುರಿತ ತನ್ನ ಗ್ರಂಥವನ್ನು ಸಾಕುಪ್ರಾಣಿ, ಬೆಳೆಗಳಿಂದಲೇ ಆರಂಭಿಸಿದ್ದು ಇದಕ್ಕೇ. ಏಲಕ್ಕಿ ಏಲಕ್ಕಿಯಾಗಿಯೇ ಉಳಿದಿದೆಯಲ್ಲ ಎಂಬ ಆಕ್ಷೇಪಕ್ಕೆ ಶುಂಠಿ, ಅರಿಸಿನಗಳೇ ಉತ್ತರ: ಮೂರೂ ಒಂದೇ ಕುಟುಂಬದವು, ದೀರ್ಘ ಕಾಲದಲ್ಲಿ ಕವಲೊಡೆದವು. ಆಯ್ಕೆ ನಡೆಯಬೇಕಾದರೆ ವೈವಿಧ್ಯ ಉಳಿದಿರಬೇಕು. ಒಂದೇ ಗಿಡದ ಕಂದುಗಳಿಂದ ತೋಟ ತುಂಬಿದರೆ ಕಟ್ಟೆ ಎಂಬ ವೈರಸ್ ರೋಗಕ್ಕೆ ಎಲ್ಲವೂ ಒಟ್ಟಿಗೆ ತುತ್ತಾಗಬಹುದು. ಘಟ್ಟದ ಕಾಡು ಏಲಕ್ಕಿಯನ್ನು ಉಳಿಸಿಕೊಂಡರೆ ಮಾತ್ರ ನಾಳಿನ ರೈತನಿಗೆ ಆರಿಸಿಕೊಳ್ಳಲು ಏನಾದರೂ ಉಳಿಯುತ್ತದೆ.