ಹೆಗಲ ಮೇಲಿನ ಹಾಸಿಗೆ

ಯುಗಾದಿ ಹತ್ತಿರ ಬಂದಂತೆ ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಶ್ರೀಶೈಲದ ಪಾದಯಾತ್ರಿಗಳ ಸಾಲು ಶುರುವಾಗುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಕಂಬಿ ಹೊತ್ತು ಬಂದವರು ಆತ್ಮಕೂರು ದಾಟಿ, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ಎಂದು ನಲ್ಲಮಲ ಕಾಡು ಹಾಯುತ್ತಾರೆ. ದೂರನಡಿಗೆ ಎಂದರೆ ನಮ್ಮಲ್ಲಿ ಇದೇ. ಈ ದಾರಿಗೆ ಡೌನ್ ಸ್ಲೀಪಿಂಗ್ ಬ್ಯಾಗ್ (ಪುಕ್ಕ ತುಂಬಿದ ಮಲಗುವ ಚೀಲ) ಕೊಳ್ಳಬೇಕೇ ಎಂದು ನಮ್ಮ ಕಡೆಯ ಯಾರಾದರೂ ಕೇಳಿದರೆ ಬೇಡವೇ ಬೇಡ ಅನ್ನುತ್ತೇನೆ. ಆ ಸೆಕೆಗೆ ತೆಳು ಚಾದರವೇ ಹೆಚ್ಚು.

ಹಿಮಾಲಯದ ಮಾತು ಬೇರೆ. ಅಲ್ಲಿ ಬಾತುಕೋಳಿಯ ಎದೆಯ ಮೃದು ಪುಕ್ಕಕ್ಕೆ ಸಮನಾದದ್ದು ಇಲ್ಲ. ಅಂಗಡಿಯವರು ‘800 ಫಿಲ್ ಪವರ್’ ಎಂದು ಹೊಗಳುತ್ತಾರೆ. 28 ಗ್ರಾಂ ಪುಕ್ಕ ಉಬ್ಬಿ ಸುಮಾರು 13 ಲೀಟರ್ ಜಾಗ ತುಂಬುತ್ತದೆ ಎಂಬುದಷ್ಟೇ ಅದರ ಅರ್ಥ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನು ನಾವೇ ಕೇಳಬೇಕು. 800ರ ಪುಕ್ಕ ಚೂರೇ ಇದ್ದರೆ, ಧಾರಾಳವಾಗಿ ತುಂಬಿದ 650ರದ್ದೇ ವಾಸಿ. ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಗೂಡುಗಳು ಬರಿದಾಗಿ ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಚೀಲಕ್ಕೆ ಹಚ್ಚಿದ ಐಎಸ್ಒ 23537 ಮಾನದಂಡದ ಚೀಟಿಯಲ್ಲಿ ಮೂರು ಉಷ್ಣಾಂಶಗಳಿರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಕೊನೆಯದು ಜೀವ ಉಳಿದರೆ ಸಾಕು ಎನ್ನುವ ಲೆಕ್ಕ, ನಿದ್ದೆಯದಲ್ಲ. ನಲವತ್ತು ಡಿಗ್ರಿಯಲ್ಲಿ ಬೆಳೆದ ನಮ್ಮ ಮೈಗೆ ಮೊದಲನೆಯದೇ ಸರಿ.

ಮೈಯಡಿ ಸಿಕ್ಕ ಪುಕ್ಕ ಅಪ್ಪಚ್ಚಿಯಾಗುತ್ತದೆ, ಅದರಿಂದ ಬೆಚ್ಚಗಾಗದು. ಅದಕ್ಕೇ ಚಾಪೆ ಬೇಕೇ ಬೇಕು. ಹಾಗಾದರೆ ಅಡಿಭಾಗದ ಪುಕ್ಕವನ್ನು ಹೊರುವುದೇಕೆ? 1990ರ ದಶಕದಲ್ಲಿ ಅಮೆರಿಕದ ದೂರನಡಿಗೆಗಾರ ರೇ ಜಾರ್ಡಿನ್ ಇದನ್ನೇ ಕೇಳಿ ಬೆನ್ನಿಲ್ಲದ ಹೊದಿಕೆಯ ಪರ ವಾದಿಸಿದರು. ಅಲ್ಲಿನ ಸುಮಾರು 4,265 ಕಿಲೋಮೀಟರ್ ಉದ್ದದ ಪೆಸಿಫಿಕ್ ಕ್ರೆಸ್ಟ್ ಹಾದಿ ನಡೆಯುವವರಲ್ಲಿ ಅನೇಕರು ಈಗ ಅದನ್ನೇ ಹೊದೆಯುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆಯಿಂದ ಹೊಲಿದ ಕೌದಿಯೂ ಇದೇ ಜಾತಿಯದು, ತೂಕವೊಂದನ್ನು ಬಿಟ್ಟರೆ! ಮಗ್ಗುಲು ಬದಲಿಸುತ್ತಲೇ ಇರುವವರು ಮಾತ್ರ ಪೂರ್ತಿ ಚೀಲವನ್ನೇ ಕೊಳ್ಳಲಿ. ಹೊದಿಕೆ ಸರಿದರೆ ಗಾಳಿ ನುಗ್ಗುತ್ತದೆ.

ಪುಕ್ಕದ ಶತ್ರು ನೀರು. ನೆನೆದರೆ ಮುದ್ದೆಯಾಗಿ ಕೂರುತ್ತದೆ. ಕುರಿಗಾಹಿಗಳ ಕರಿ ಕಂಬಳಿಗೆ ಈ ಭಯವಿಲ್ಲ. ದಖನಿ ಕುರಿಯ ಒರಟು ಉಣ್ಣೆ ತೇವ ಹೀರಿಯೂ ಬೆಚ್ಚಗಿರುತ್ತದೆ, ಮಳೆ ಬಂದರೆ ಅದೇ ಕೊಪ್ಪೆ, ಒಲೆಯ ಕಿಡಿ ಬಿದ್ದರೂ ಥಟ್ಟನೆ ಹೊತ್ತಿಕೊಳ್ಳದು. ಕುರಿಯ ಹಿಂದೆ ತಿಂಗಳುಗಟ್ಟಲೆ ಅಲೆಯುವವರಿಗೆ ಪುಕ್ಕದ ಚೀಲ ಕೊಟ್ಟರೆ ಮೊದಲ ಮುಳ್ಳುಕಂಟಿಯಲ್ಲೇ ಹರಿದೀತು. ಆದರೆ ಕಂಬಳಿಯ ಭಾರ ಹೊತ್ತು ಹಿಮಾಲಯದ ಏರು ಹತ್ತಲು ನಾನಂತೂ ಸಿದ್ಧನಿಲ್ಲ.

ಡೌನ್ ಚೀಲ ಕೊಂಡವರು ಊರಿಗೆ ಬಂದ ಮೇಲೆ ಅದನ್ನು ಪುಟ್ಟ ಸಂಚಿಯಲ್ಲಿ ತುರುಕಿ ಟ್ರಂಕಿಗೆ ಹಾಕಬೇಡಿ, ಉಬ್ಬುವ ಗುಣವೇ ಹೋಗುತ್ತದೆ. ಚೆನ್ನಾಗಿ ಒಣಗಿಸಿ, ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿಡಿ.