ಚಾರ್ಲಿಗೆ ಬಾಡಿಗೆ ಮನೆ ಸಿಗುತ್ತಾ?

'777 ಚಾರ್ಲಿ' ನೋಡಿ ಅಳದವರು ನನ್ನ ಗೆಳೆಯರಲ್ಲಿ ಯಾರೂ ಇಲ್ಲ. 2022ರ ಜೂನ್‌ನಲ್ಲಿ ಸಿನಿಮಾ ಬಂದಾಗ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಕಣ್ಣೀರು ಹಾಕಿದ್ದರು. ಸರ್ಕಾರ ಆರು ತಿಂಗಳು ರಾಜ್ಯ ಜಿಎಸ್‌ಟಿ ವಿನಾಯಿತಿ ಕೊಟ್ಟಿತು. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ನಾನೂ ಅತ್ತವನೇ. ಆದರೆ ನಾಯಿ ಜೊತೆ ಬಾಡಿಗೆ ಮನೆ ಹುಡುಕುವ ದಿನಗಳಲ್ಲಿ ಅದನ್ನ ಮತ್ತೆ ನೋಡಿದಾಗ ಒಂದು ತಕರಾರು ಹುಟ್ಟಿತು.

ಚಿತ್ರದಲ್ಲಿ ಕ್ರೌರ್ಯಕ್ಕೆ ಒಂದು ಮುಖ ಇದೆ: ದುಡ್ಡಿಗಾಗಿ ನಾಯಿಗಳನ್ನ ಹಿಂಸಿಸುವ ಬ್ರೀಡರ್. ಒಂದೇ ರಕ್ತದ ನಾಯಿಗಳನ್ನ ಕೂಡಿಸಿ ಮರಿ ಹಾಕಿಸಿದರೆ ಏನಾಗುತ್ತೆ ಅನ್ನೋದನ್ನ ನಿರ್ದೇಶಕ ಕಿರಣ್‌ರಾಜ್ ಎದೆಗೆ ನಾಟುವ ಹಾಗೆ ಹೇಳಿದ್ದಾರೆ. ಅದು ಬೇಕಾಗಿದ್ದ ಮಾತು. ಆದರೆ ನಾವ್ಯಾರೂ ಬ್ರೀಡರ್ ಅಲ್ವಲ್ಲ? ಹಾಗಾಗಿ ಅತ್ತು, ಹಗುರಾಗಿ, ಮನೆಗೆ ಹೋಗ್ತೀವಿ. ನಾಯಿಗಳನ್ನ ಬೀದಿಗೆ ತರುವ ಇನ್ನೊಂದು ಕ್ರೌರ್ಯ ನಮ್ಮ ನಿಮ್ಮಂಥ ಸಭ್ಯಸ್ಥರದ್ದು. ಅದು ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿರುತ್ತೆ.

ನಾಯಕ ರಕ್ಷಿತ್ ಶೆಟ್ಟಿ ಉಡುಪಿಯವರು, ಇಂಜಿನಿಯರಿಂಗ್ ಓದಿದ್ದು ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ. ಅವರ ಊರಲ್ಲೇ ಚಾರ್ಲಿಗೆ ಮನೆ ಸಿಗುತ್ತಾ? ಮಣಿಪಾಲದಲ್ಲಿ ಕೆಲಸ ಸಿಕ್ಕ ಮೇಲೆ ನನ್ನ ಊರನಾಯಿ ಕರಿಯನಿಗೂ ನನಗೂ ಸೇರಿ ಒಂದು ಬೆಡ್‌ರೂಮಿನ ಮನೆ ಹುಡುಕಿದೆ. ಈಶ್ವರ ನಗರ, ಇಂದ್ರಾಳಿ, ಕುಂಜಿಬೆಟ್ಟು, ಅಂಬಾಗಿಲು ಎಲ್ಲ ಸುತ್ತಿದ್ದಾಯ್ತು. ಫೋನಿನಲ್ಲಿ "ನಾಯಿ" ಅಂದ ಕೂಡಲೇ ಅರ್ಧ ಮನೆಗಳು ಬಾಡಿಗೆಗೆ ಹೋಗಿಬಿಡ್ತಿದ್ದವು. ಒಬ್ಬರು ಮಾತ್ರ ನೇರವಾಗಿ ಹೇಳಿದರು: "ನಾಯಿ ಎಲ್ಲ ಆಗುದಿಲ್ಲ ಮಾರ್ರೆ. ಊರ ಮನೆಯಲ್ಲಿ ನಮ್ಮದೂ ಎರಡು ಉಂಟು, ಆದ್ರೆ ಫ್ಲಾಟಿಗೆ ಬೇಡ." ಕಾಪುವಿನಲ್ಲಿ ಅಂಗಳ ಇರೋ ಪೂರ್ತಿ ಮನೆಯೇ ಸಿಕ್ಕಿತು, ಬಾಡಿಗೆ ನನ್ನ ಕೈಗೆಟುಕಲಿಲ್ಲ. ಕಾರ್ಕಳದಲ್ಲಿ ಒಬ್ಬರು ಒಪ್ಪಿದರು, ಆದರೆ ದಿನಾ ಅಲ್ಲಿಂದ ಓಡಾಡಿದರೆ ಕರಿಯ ಹಗಲಿಡೀ ಒಂಟಿ.

ಮಾಲೀಕರನ್ನ ವಿಲನ್ ಮಾಡೋದು ಸುಲಭ, ಅದು ಸಿನಿಮಾ ಮಾಡಿದ ಕೆಲಸವೇ. ಒಬ್ಬ ಅಜ್ಜಿ ಹೇಳಿದ್ದು ಕೇಳಿ: "ಮೊದಲಿದ್ದ ಮಕ್ಕಳು ಕೋರ್ಸ್ ಮುಗಿಸಿ ಹೋದರು ಮಗಾ, ನಾಯಿಯನ್ನ ನನ್ನ ಗೇಟಿನ ಹೊರಗೆ ಬಿಟ್ಟು." ಆ ಮಕ್ಕಳೂ ಚಾರ್ಲಿ ನೋಡಿ ಅತ್ತಿರಬಹುದು. ನಾಯಿಯನ್ನ ಹೀಗೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ, ಅಂದರೆ ಒಂದು ಪ್ಲೇಟ್ ಗೋಳಿಬಜೆ ದುಡ್ಡು! ಇನ್ನೊಂದು ಕಡೆ, ಬಹುಮತದ ನಿರ್ಣಯ ಮಾಡಿದರೂ ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತೆ. ಆದರೆ ಬೀಗದ ಕೈ ಯಾರಿಗೆ ಕೊಡಬೇಕು ಅನ್ನೋದು ಮಾಲೀಕರಿಗೆ ಬಿಟ್ಟಿದ್ದು.

ಇಲ್ಲೇ ಸಿನಿಮಾ ನನಗೆ ಸಾಲದು ಅನ್ನಿಸೋದು. ಧರ್ಮ ಎಷ್ಟೇ ಒಂಟಿಯಾದರೂ ಅವನಿಗೊಂದು ಮನೆ ಇದೆ. ಚಾರ್ಲಿಗಾಗಿ ಅವನು ಎಲ್ಲ ಬಿಟ್ಟು ಹಿಮ ತೋರಿಸೋಕೆ ಹೊರಡ್ತಾನೆ. ದೊಡ್ಡ ಪ್ರೀತಿ, ಪ್ರಶ್ನೆಯಿಲ್ಲ. ಆದರೆ ಅದು ಕೊನೆಯ ದಿನಗಳ ಪ್ರೀತಿ. ಮಳೆಗಾಲದಲ್ಲಿ ಬೆಳಗ್ಗೆ ಆರಕ್ಕೆ ಕೊಡೆ ಹಿಡಿದು ನಾಯಿಯನ್ನ ಹೊರಗೆ ಕರಕೊಂಡು ಹೋಗೋದು, ಪಕ್ಕದ ಮನೆಯವರ ಮುನಿಸು ತೀರಿಸೋದು, ವರ್ಗ ಆದಾಗ ನಾಯಿಗೂ ಜಾಗ ಹುಡುಕೋದು, ಇಂಥ ಹತ್ತು ಹನ್ನೆರಡು ವರ್ಷದ ಪ್ರೀತಿಗೆ ಹಿನ್ನೆಲೆ ಸಂಗೀತ ಯಾರೂ ಹಾಕೋದಿಲ್ಲ. ಸಿನಿಮಾ ನೋಡಿ ಮರಿ ತರೋಕೆ ಹೊರಟವರಿಗೆ ಬೇಕಾಗಿದ್ದು ಈ ಭಾಗ.

ಕೊನೆಗೆ ಮನೆ ಕೊಟ್ಟವರು ಆ ಅಜ್ಜಿಯೇ. ಲಸಿಕೆ ಚೀಟಿ ನೋಡಿದರು, ಪೇಂಟ್ ಖರ್ಚು ನನ್ನದು ಅಂದರು, ಕರಾರಿನ ಕೊನೆಗೆ ಒಂದು ಸಾಲು ಸೇರಿಸಿದರು: "ಮನೆ ಬಿಡುವಾಗ ನಾಯಿಯನ್ನೂ ಕರೆದುಕೊಂಡು ಹೋಗತಕ್ಕದ್ದು." ಎರಡೂ ಮುಕ್ಕಾಲು ಗಂಟೆಯ ಸಿನಿಮಾದಲ್ಲಿ ನಾನು ಹುಡುಕಿ ಸಿಗದಿದ್ದ ಸಾಲು ಅದು.