ಉಡುಪಿನೊಳಗಣ ಆಯುಧ ಮತ್ತು ಪ್ರಾರ್ಥನೆಯ ಮನಸ್ಸು

ಜಿನಾಲಯದ ಬಾಗಿಲಲ್ಲಿ ಪಾದರಕ್ಷೆಯನ್ನು ಬಿಟ್ಟು ಕೈಕಾಲು ತೊಳೆದು ಒಳಗಡಿಯಿಡುವ ಶ್ರಾವಕನಿಗೆ, ಅದು ಕೇವಲ ಶುಚಿತ್ವದ ನಿಯಮವಲ್ಲವೆಂಬುದು ತಿಳಿದಿದೆ. ಹೊರಗಿನ ಧೂಳಿನೊಡನೆ ಹೊರಗಿನ ಕಲಹವನ್ನೂ ಬಾಗಿಲಾಚೆಯೇ ಬಿಡಬೇಕೆಂಬುದು ಅದರ ಆಶಯ. ಶ್ವೇತಾಂಬರ ಪರಂಪರೆಯ ಅಭಿಗಮ ವಿಧಿಯಂತೆ ಜಿನದರ್ಶನಕ್ಕೆ ಬರುವ ಅರಸನು ಛತ್ರ, ಚಾಮರ, ಕಿರೀಟ, ಪಾದರಕ್ಷೆಗಳೊಡನೆ ಖಡ್ಗವನ್ನೂ ತೊರೆದು ಬರಬೇಕು. ರಾಜ್ಯವನ್ನು ಕಾಯುವ ಹೊಣೆಯುಳ್ಳವನಿಗೂ ಇಲ್ಲಿ ವಿನಾಯಿತಿಯಿಲ್ಲ.

ಅಮೆರಿಕದ ಅನೇಕ ಚರ್ಚುಗಳಲ್ಲಿ ಈಚಿನ ವರ್ಷಗಳಲ್ಲಿ ಇದಕ್ಕೆ ವಿರುದ್ಧವಾದ ರೂಢಿಯೊಂದು ಬೆಳೆದಿದೆ. ಭಾನುವಾರದ ಆರಾಧನೆಗೆ ಬರುವ ಗೃಹಸ್ಥರು ಅಂಗಿಯ ಮರೆಯಲ್ಲಿ ಗುಂಡು ತುಂಬಿದ ಪಿಸ್ತೂಲನ್ನು ಧರಿಸಿ ಕುಳಿತುಕೊಳ್ಳುತ್ತಾರೆ. ಇದನ್ನು ಹುಚ್ಚುತನವೆಂದು ತಳ್ಳಿಹಾಕುವುದು ಸುಲಭ; ಆದರೆ ನ್ಯಾಯವಲ್ಲ. 2012ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕ್ ಗುರುದ್ವಾರದಲ್ಲಿ ಗುಂಡಿನ ದಾಳಿ ನಡೆಯಿತು. 2015ರಲ್ಲಿ ಚಾರ್ಲ್ಸ್‌ಟನ್ ನಗರದ ಚರ್ಚೊಂದರಲ್ಲಿ, ಬೈಬಲ್ ಅಧ್ಯಯನಕ್ಕೆ ಕುಳಿತಿದ್ದವರು ಅಪರಿಚಿತನೊಬ್ಬನನ್ನು ಆದರದಿಂದ ತಮ್ಮ ನಡುವೆ ಕೂರಿಸಿಕೊಂಡರು; ಅವನೇ ಅವರಲ್ಲಿ 9 ಜನರನ್ನು ಕೊಂದನು. 2017ರಲ್ಲಿ ಟೆಕ್ಸಾಸಿನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಎಂಬ ಚಿಕ್ಕ ಊರಿನ ಚರ್ಚಿನಲ್ಲಿ, ಗರ್ಭಸ್ಥ ಶಿಶುವೂ ಸೇರಿ 26 ಜೀವಗಳು ಹೋದವು. ಭಯಕ್ಕೆ ಕಾರಣವಿದೆ. ಪರಿಶೀಲಿಸಬೇಕಾದುದು ಆ ಭಯಕ್ಕೆ ದೊರೆತ ಉತ್ತರವನ್ನು.

ಟೆಕ್ಸಾಸಿನಲ್ಲಿ 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು, ಚರ್ಚು ತಾನಾಗಿ ಬೇಡವೆಂದು ಸೂಚಿಸದ ಹೊರತು ಪರವಾನಗಿಯುಳ್ಳವರು ಒಳಗೆ ಪಿಸ್ತೂಲು ತರಬಹುದೆಂಬುದನ್ನು ಸ್ಪಷ್ಟಪಡಿಸಿತು. ಆ ಪರವಾನಗಿಗೆ ಬೇಕಾದ ತರಬೇತಿಯಾದರೂ ಎಷ್ಟು? 4ರಿಂದ 6 ಗಂಟೆಗಳ ಪಾಠ. 3, 7 ಮತ್ತು 15 ಗಜ ದೂರದ ಕಾಗದದ ಗುರಿಗೆ ಒಟ್ಟು 50 ಗುಂಡು. 2021ರ ಸೆಪ್ಟೆಂಬರಿನಿಂದ ಕಾನೂನು ನಿಷೇಧಿಸದ ವಯಸ್ಕರಿಗೆ ಆ ಪರವಾನಗಿಯೂ ಕಡ್ಡಾಯವಲ್ಲ. ಕಾಗದದ ಗುರಿ ಓಡುವುದಿಲ್ಲ, ಚೀರುವುದಿಲ್ಲ; ಅದರ ಹಿಂದೆ ಮಗುವನ್ನೆತ್ತಿಕೊಂಡ ತಾಯಿ ನಿಂತಿರುವುದಿಲ್ಲ. ತುಂಬಿದ ಸಭೆಯಲ್ಲಿ ಉಡುಪಿನೊಳಗಿಂದ ಆಯುಧವನ್ನು ಸೆಳೆದು, ಹೊಡೆಯಬೇಕೋ ಬೇಡವೋ ಎಂಬುದನ್ನು ಕ್ಷಣದಲ್ಲಿ ನಿರ್ಣಯಿಸುವ ಶಿಕ್ಷಣ ಬೇರೆಯೇ. ಅದನ್ನು ಕಾನೂನು ಕೇಳುವುದಿಲ್ಲ.

ಈ ರೂಢಿಯ ಸಮರ್ಥಕರು ಮುಂದಿಡುವ ಬಲವಾದ ನಿದರ್ಶನವೊಂದಿದೆ. 2019ರ ಡಿಸೆಂಬರ್ 29ರಂದು ಟೆಕ್ಸಾಸಿನ ವೈಟ್ ಸೆಟ್ಲ್‌ಮೆಂಟ್ ಎಂಬಲ್ಲಿ, ಪ್ರಭುಭೋಜನದ ವಿಧಿ ನಡೆಯುತ್ತಿದ್ದಾಗ, ವೇಷ ಮರೆಸಿ ಬಂದವನೊಬ್ಬನು ಬಂದೂಕೆತ್ತಿ ಇಬ್ಬರನ್ನು ಕೊಂದನು. ಚರ್ಚಿನ ಕಾವಲು ತಂಡದ ಸ್ವಯಂಸೇವಕರೊಬ್ಬರು ಒಂದೇ ಗುಂಡಿನಿಂದ ಅವನನ್ನು ಕೆಡವಿದರು. ಎಲ್ಲವೂ ಸುಮಾರು 6 ಸೆಕೆಂಡುಗಳಲ್ಲಿ ಮುಗಿಯಿತು. ಅನೇಕ ಪ್ರಾಣಗಳು ಉಳಿದವೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಆ ನಿದರ್ಶನವನ್ನು ಪೂರ್ಣವಾಗಿ ಓದಬೇಕು. ಗುಂಡು ಹಾರಿಸಿದವರು ಸಾಮಾನ್ಯ ಭಕ್ತರಲ್ಲ. ಹಿಂದೆ ಮೀಸಲು ಪೊಲೀಸ್ ಅಧಿಕಾರಿಯಾಗಿದ್ದು, ಇತರರಿಗೆ ಬಂದೂಕಿನ ತರಬೇತಿ ಕೊಡುತ್ತಿದ್ದವರು. ಅದೇ ತಂಡದ ಮತ್ತೊಬ್ಬರು ಆಯುಧ ತೆಗೆಯುವಷ್ಟರಲ್ಲಿಯೇ ಹತರಾದರು. ಹಂತಕನು ಬಿದ್ದ ಮೇಲೆ, ಸಭೆಯ ಇನ್ನೂ ಹಲವರು ಪಿಸ್ತೂಲು ಹಿಡಿದು ಆಸನಗಳ ನಡುವೆ ಸಾಗಿದ್ದು ಅಂದಿನ ನೇರಪ್ರಸಾರದ ಚಿತ್ರದಲ್ಲಿದೆ. ಯಾರ ಕೈಯಲ್ಲಿರುವುದು ರಕ್ಷಣೆಯ ಆಯುಧ, ಯಾರದು ಹತ್ಯೆಯದು ಎಂಬುದನ್ನು ಅಂಥ ಗಳಿಗೆಯಲ್ಲಿ ಹೇಳಬಲ್ಲವರು ಯಾರು? ಅಂದು ಪ್ರಾಣ ಉಳಿಸಿದ್ದು ವರ್ಷಗಳ ಶಿಕ್ಷಣ. ಅದು ಆಯುಧವನ್ನು ಧರಿಸಿದ ಮಾತ್ರಕ್ಕೆ ಬರುವುದಲ್ಲ.

ಶಿಕ್ಷಣವಿಲ್ಲದ ಕೈಗೆ ನಿದರ್ಶನವೂ ಉಂಟು. 2017ರ ನವೆಂಬರಿನಲ್ಲಿ, ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ದುರಂತದ ಕೆಲವೇ ದಿನಗಳ ತರುವಾಯ, ಟೆನೆಸ್ಸೀ ರಾಜ್ಯದ ಟೆಲಿಕೋ ಪ್ಲೇನ್ಸ್ ಊರಿನ ಚರ್ಚಿನಲ್ಲಿ ಕೆಲವರು ಸೇರಿ, ಪ್ರಾರ್ಥನಾಮಂದಿರಕ್ಕೆ ಬಂದೂಕು ತರುವ ವಿಚಾರವನ್ನೇ ಮಾತನಾಡುತ್ತಿದ್ದರು. 81 ವರ್ಷದ ವೃದ್ಧರೊಬ್ಬರು ತಮ್ಮ ಪಿಸ್ತೂಲನ್ನು ತೋರಿಸಹೋದಾಗ ಅದು ಸಿಡಿದು, ಅವರ ಕೈಯನ್ನು ಸೀಳಿ ಅವರ ಪತ್ನಿಯ ಉದರಕ್ಕೆ ತಗುಲಿತು. ಇಬ್ಬರೂ ಬದುಕಿದರು. ಅಲ್ಲಿ ದ್ವೇಷವಿರಲಿಲ್ಲ, ವೈರಿಯೂ ಇರಲಿಲ್ಲ, ಇದ್ದುದು ಪ್ರಮಾದವೊಂದೇ. ಪ್ರಮಾದದಿಂದಾದ ಪ್ರಾಣಘಾತವೇ ಹಿಂಸೆಯೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಏಕೆ ನಿರೂಪಿಸಿದರೆಂಬುದು ಇಂಥಲ್ಲಿ ವಿಶದವಾಗುತ್ತದೆ.

ಜೈನಧರ್ಮವು ಗೃಹಸ್ಥನಿಗೆ ಅಸಾಧ್ಯವಾದುದನ್ನು ವಿಧಿಸಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಅಣುವ್ರತಿಯು ಸಂಕಲ್ಪೀ ಹಿಂಸೆಯನ್ನು ತೊರೆಯಬೇಕೆಂದಿತು. ಆತತಾಯಿಯನ್ನು ಎದುರಿಸುವಾಗಿನ ವಿರೋಧೀ ಹಿಂಸೆ ಅವನಿಗೆ ಸಂಪೂರ್ಣ ಪರಿಹಾರ್ಯವಲ್ಲವೆಂಬುದನ್ನು ಒಪ್ಪಿತು. ಗಂಗರ ದಂಡನಾಯಕ ಚಾವುಂಡರಾಯನು ಯುದ್ಧಗಳನ್ನು ಮಾಡಿದವನೇ. ಆದರೆ ಕ್ರಿ.ಶ. 981ರ ಸುಮಾರಿಗೆ ಅವನು ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಲ್ಲಿಸಿದ್ದು ಶಸ್ತ್ರಧಾರಿಯ ಪ್ರತಿಮೆಯನ್ನಲ್ಲ. ಗೆದ್ದೂ ಎಲ್ಲವನ್ನೂ ಬಿಟ್ಟ ಬಾಹುಬಲಿಯದು. ರಣಾಂಗಣಕ್ಕೂ ಆರಾಧನೆಗೂ ನಡುವಣ ಗೆರೆ ಆ ಯೋಧನಿಗೆ ತಿಳಿದಿತ್ತು.

ಇಲ್ಲಿಯೇ ತರಬೇತಿಯ ಪ್ರಶ್ನೆ ಆಳವಾಗುವುದು. ತರಬೇತಿ ಅಲ್ಪವಾದರೆ ನೆರೆಯವನಿಗೆ ಅಪಾಯ. ಪೂರ್ಣವಾದರೆ ಧರಿಸಿದವನ ಪ್ರಾರ್ಥನೆಗೇ ಹಾನಿ. ಸಮರ್ಥ ಕಾವಲುಗಾರನು ಬಾಗಿಲಿಗೆ ಮುಖವಾಗಿ ಕೂರಬೇಕು, ಒಳಬರುವ ಪ್ರತಿಯೊಬ್ಬರ ಕೈಗಳನ್ನು ನೋಡಬೇಕು, ಯಾರು ಹೊಡೆಯಬಹುದು, ತಾನು ಎಲ್ಲಿಂದ ಹೊಡೆಯಬೇಕು ಎಂಬುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಬೇಕು. ಅದು ದ್ವೇಷವಲ್ಲದಿರಬಹುದು, ಸಾಮಾಯಿಕದ ಸಮಭಾವವಂತೂ ಅಲ್ಲ. ಜೈನ ಮುನಿಗೂ ಎಚ್ಚರವುಂಟು. ಈರ್ಯಾಸಮಿತಿಯನ್ನು ಪಾಲಿಸುವ ಅವರು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಯೇ ಹೆಜ್ಜೆಯಿಡುತ್ತಾರೆ. ಆ ಎಚ್ಚರ ತನ್ನಿಂದ ಪರರಿಗೆ ನೋವಾಗದಿರಲೆಂದು. ಈ ಎಚ್ಚರ ಪರರಿಂದ ತನಗಾಗುವ ನೋವನ್ನು ಕುರಿತದ್ದು. ಒಂದೇ ಗಳಿಗೆಯಲ್ಲಿ ಒಂದೇ ಮನಸ್ಸು ಇವೆರಡನ್ನೂ ಹೊರಲಾರದು.

ಇದು ದೂರದ ಚರ್ಚುಗಳ ವಿಚಾರವೆಂದು ಸುಮ್ಮನಿರುವಂತಿಲ್ಲ. ಟೆಕ್ಸಾಸಿನ ಹ್ಯೂಸ್ಟನ್, ಡಲ್ಲಾಸ್ ನಗರಗಳಲ್ಲಿ ಜೈನ ಮಂದಿರಗಳಿವೆ. ಕರ್ನಾಟಕದ ಮನೆತನಗಳ ಮಕ್ಕಳೂ ಆ ದೇಶದಲ್ಲಿ ನೆಲೆಸಿದ್ದಾರೆ. ಆಯುಧಕ್ಕೆ ಪ್ರವೇಶವಿಲ್ಲವೆಂದು ವಿಧಿಬದ್ಧವಾದ ಫಲಕ ಹಾಕುವ ಅಧಿಕಾರವನ್ನು ಅಲ್ಲಿಯ ಕಾನೂನೇ ಧರ್ಮಸಂಸ್ಥೆಗಳಿಗೆ ಕೊಟ್ಟಿದೆ. ಹಿಂಸೆಯ ಉಪಕರಣಗಳನ್ನು ಪರರಿಗೆ ಒದಗಿಸುವ ಹಿಂಸಾದಾನವನ್ನು ಅನರ್ಥದಂಡದಲ್ಲಿ ಎಣಿಸಿದ ಧರ್ಮದ ವಿಶ್ವಸ್ತರು, ಗುಪ್ತ ಆಯುಧಕ್ಕೆ ಮೌನಸಮ್ಮತಿ ನೀಡುವ ಮುನ್ನ ವಿಚಾರ ಮಾಡಬೇಕಾಗುತ್ತದೆ.

ಹಾಗೆಂದು ಭಕ್ತರನ್ನು ಅರಕ್ಷಿತರಾಗಿ ಬಿಡುವುದು ಅಹಿಂಸೆಯಲ್ಲ, ಅದೂ ಪ್ರಮಾದವೇ. ಪೂರ್ಣ ಶಿಕ್ಷಣ ಪಡೆದ, ಎಲ್ಲರಿಗೂ ಗೊತ್ತಿರುವ, ವಿಶ್ವಸ್ತರೇ ಹೊಣೆಹೊತ್ತು ನೇಮಿಸಿದ ಕಾವಲುಗಾರನು ಬಾಗಿಲ ಹೊರಗೆ ನಿಲ್ಲಲಿ. ಒಳಗೆ ಪೂಜೆ ನಡೆಯುವಷ್ಟು ಹೊತ್ತು ಅವನು ತನ್ನ ಪೂಜೆಯನ್ನು ಬಿಟ್ಟುಕೊಟ್ಟಿರುತ್ತಾನೆಂಬುದನ್ನು ಸಂಘವು ಮರೆಯದೆ, ಬೇರೊಂದು ವೇಳೆಯಲ್ಲಿ ಅವನೂ ಆಯುಧವಿಳಿಸಿ ಒಳಬರುವಂತೆ ಅನುಕೂಲ ಕಲ್ಪಿಸಲಿ. ಒಳಗಿರುವವರು ಮಾತ್ರ ಬರಿಗೈಯವರಾಗಿರಲಿ. ಕಾಯೋತ್ಸರ್ಗದಲ್ಲಿ ಇಳಿಬಿಟ್ಟ ಬರಿಗೈಗಳ ಜಿನಬಿಂಬದೆದುರು ಅಂಗಿಯೊಳಗೆ ಪಿಸ್ತೂಲಿಟ್ಟುಕೊಂಡು ಕೈಮುಗಿಯುವುದು ಹೇಗೆ ಸಾಧ್ಯವೆಂಬುದನ್ನು ಪ್ರತಿಯೊಬ್ಬ ಶ್ರಾವಕನೂ ತನ್ನಷ್ಟಕ್ಕೆ ತಾನು ಕೇಳಿಕೊಳ್ಳಲಿ.